ಇಷ್ಟೊಂದು ಬಹುಮಾನ ಯಾಕೆ ಮಾರಾಯ್ರೆ?

ನ್ಯಾಸ್ಕಾರ್ ಅಂದರೆ ಎಂತದು ಅಂತ ಊರಿನಿಂದ ಫೋನ್ ಮಾಡಿದವರು ಕೇಳಿದರೆ ನಾನು ಹೇಳುವುದು ಇಷ್ಟೇ: ನಲವತ್ತು ಕಾರು, ಮೂರು-ಮೂರೂವರೆ ಗಂಟೆ, ಹೆಚ್ಚಾಗಿ ಎಡಕ್ಕೆ ತಿರುಗುವುದು. ಅಷ್ಟು ಹೇಳುವ ಹೊತ್ತಿಗೆ ಅವರ ಆಸಕ್ತಿ ಮುಗಿದು ಮಾತು ಮಳೆಗೆ, ಅಡಿಕೆ ರೇಟಿಗೆ ಹೋಗಿರುತ್ತದೆ. ಮನೆಯಲ್ಲೂ ಕತೆ ಬೇರೆಯಲ್ಲ. ನಾವಿರುವುದು ನಾರ್ತ್ ಕೆರೊಲಿನಾದ ಶಾರ್ಲೆಟ್ ಪಕ್ಕದಲ್ಲಿ. ಸ್ಟಾಕ್ ಕಾರ್ ರೇಸಿನ ಬಹುತೇಕ ಟೀಮುಗಳ ಗ್ಯಾರೇಜುಗಳು ಇಲ್ಲೇ ಕಾನ್ಕರ್ಡ್, ಮೂರ್ಸ್‌ವಿಲ್, ಹಂಟರ್ಸ್‌ವಿಲ್ ಸುತ್ತಮುತ್ತ ಉಂಟು. ತರಕಾರಿ ತರಲು ಹೋದರೂ ಯಾವುದಾದರೊಂದು ಟೀಮಿನ ಟೀಶರ್ಟ್ ಹಾಕಿದವರು ಎದುರಾಗುತ್ತಾರೆ. ಆದರೂ ನನ್ನ ಹೆಂಡತಿಯ ಮಟ್ಟಿಗೆ ಇದು ಗಾಣ. "ಗಾಣದ ಎತ್ತಿಗೆ ಯಾರೂ ದುಡ್ಡು ಕೊಡುದಿಲ್ಲ, ಇವರಿಗೆ ಕೊಡ್ತಾರೆ. ಅಷ್ಟೇ ವ್ಯತ್ಯಾಸ" ಅನ್ನುತ್ತಾಳೆ.

ನನಗೂ ತಕರಾರು ಇರುವುದು ಆ ದುಡ್ಡಿನ ಬಗ್ಗೆಯೇ. ಆದರೆ ಅವಳ ತಕರಾರಲ್ಲ. ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ, ಮುಂದಿನ ಕಾರಿನ ಬಂಪರಿಗೂ ತನ್ನ ಮೂತಿಗೂ ಒಂದು ಗೇಣು ಜಾಗ ಬಿಟ್ಟು, ಬೆಂಕಿಯಂಥ ಸೆಕೆಯಲ್ಲಿ ಕೂತು ಓಡಿಸುವವನಿಗೆ ಎಷ್ಟು ಕೊಟ್ಟರೂ ನನಗೇನೂ ಹೊಟ್ಟೆಕಿಚ್ಚಿಲ್ಲ. ನಾನು ಈ ಆಟದ ಅಭಿಮಾನಿ. ಟಿಕೆಟ್ ಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು ಕೂರುವವನು. ನನ್ನ ಪ್ರಶ್ನೆ ಬೇರೆ. ಬಹುಮಾನಗಳು ಯಾಕೆ ಹೀಗೆ ನಾಯಿಕೊಡೆಯ ಹಾಗೆ ಏಳುತ್ತಿವೆ? ಹತ್ತು ಲಕ್ಷ ಡಾಲರ್, ಹತ್ತು ಲಕ್ಷ ಡಾಲರ್ ಅಂತ ಮೈಕಿನಲ್ಲಿ ಕೂಗುವವರು, ಆ ದುಡ್ಡು ಯಾರ ಕೈಗೆ ಎಷ್ಟು ಹೋಯಿತು ಅಂತ ಕೇಳಿದ ಕೂಡಲೇ ಯಾಕೆ ಗಂಟಲು ಸರಿಮಾಡಿಕೊಳ್ಳುತ್ತಾರೆ?

ಸ್ವಲ್ಪ ಹಿಂದೆ ಹೋಗೋಣ. 1949ರ ಜೂನ್ 19ರಂದು, ನಮ್ಮ ಇದೇ ಶಾರ್ಲೆಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ, ಇವತ್ತಿನ ಕಪ್ ಸರಣಿಯ ಮೊಟ್ಟಮೊದಲ ರೇಸ್ ನಡೆಯಿತು. ಮೊದಲು ಗುರಿ ಮುಟ್ಟಿದವನು ಗ್ಲೆನ್ ಡನವೇ. ಆದರೆ ಅವನ ಕಾರು ಕಳ್ಳಭಟ್ಟಿ ಸಾಗಿಸುವವರ ಶೈಲಿಯಲ್ಲಿ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿಸಿಕೊಂಡಿತ್ತು ಅಂತ ಗೊತ್ತಾಗಿ ಅನರ್ಹಗೊಳಿಸಿದರು. ಎರಡನೆಯವನಾಗಿ ಬಂದ ಜಿಮ್ ರೋಪರ್‌ಗೆ 2,000 ಡಾಲರ್ ಸಿಕ್ಕಿತು. ಮರುವರ್ಷ ಡಾರ್ಲಿಂಗ್ಟನ್‌ನಲ್ಲಿ ಮೊದಲ ಐನೂರು ಮೈಲಿಯ ರೇಸ್ ಗೆದ್ದ ಜಾನಿ ಮಾಂಟ್ಸ್‌ಗೆ 10,510 ಡಾಲರ್. 1959ರಲ್ಲಿ ಮೊದಲ ಡೇಟೋನಾ 500 ನಡೆದಾಗ ಲೀ ಪೆಟ್ಟಿಗೆ 19,050 ಡಾಲರ್. ಆ ರೇಸಿನಲ್ಲಿ ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿತ್ತು. ಪೆಟ್ಟಿ, ಜಾನಿ ಬೋಷಾಂಪ್ ಇಬ್ಬರೂ ಒಟ್ಟೊಟ್ಟಿಗೆ ಗೆರೆ ದಾಟಿದ್ದರು. ಫೋಟೋ, ಸಿನಿಮಾ ರೀಲು ಎಲ್ಲ ತರಿಸಿ ನೋಡಿ, ಯಾರು ಗೆದ್ದದ್ದು ಅಂತ ಹೇಳಲು 61 ಗಂಟೆ ಹಿಡಿಯಿತು. ಮೂರು ದಿನ ಜನ ಕಾದರು. ಬಹುಮಾನ ಎಷ್ಟು ಅಂತ ಅಲ್ಲ, ಗೆದ್ದವರು ಯಾರು ಅಂತ.

ಈಗ ಅದೇ ಡೇಟೋನಾ 500ರ ಒಟ್ಟು ಬಹುಮಾನದ ಮೊತ್ತ 2024ರಲ್ಲಿ 2 ಕೋಟಿ 80 ಲಕ್ಷ ಡಾಲರ್ ದಾಟಿತು, 2025ರಲ್ಲಿ 3 ಕೋಟಿ. ಬೆಲೆಯೇರಿಕೆ ಲೆಕ್ಕ ಹಾಕಿದರೂ ಇದು ಬೇರೆಯದೇ ಲೋಕ.

ಈ ಲೋಕದ ಬಾಗಿಲು ತೆರೆದದ್ದು ಸಿಗರೇಟು. 1971ರ ಆರಂಭದಲ್ಲಿ ಅಮೆರಿಕದ ಟೀವಿ-ರೇಡಿಯೋಗಳಲ್ಲಿ ಸಿಗರೇಟ್ ಜಾಹೀರಾತು ನಿಂತುಹೋಯಿತು. ಕೈಯಲ್ಲಿ ದುಡ್ಡು ಇಟ್ಟುಕೊಂಡು ಜಾಗ ಹುಡುಕುತ್ತಿದ್ದ ಆರ್. ಜೆ. ರೆನಾಲ್ಡ್ಸ್ ಕಂಪನಿ ಅದೇ ವರ್ಷ ತನ್ನ ವಿನ್ಸ್ಟನ್ ಹೆಸರನ್ನು ಈ ಸರಣಿಗೆ ಅಂಟಿಸಿತು. 2003ರವರೆಗೆ ಅದು ವಿನ್ಸ್ಟನ್ ಕಪ್. ತಂಬಾಕಿನ ದುಡ್ಡು ಒಳ್ಳೆಯದಾ ಕೆಟ್ಟದ್ದಾ ಅನ್ನುವ ಚರ್ಚೆಯನ್ನು ಇಲ್ಲಿ ಎಳೆಯುವುದಿಲ್ಲ. ನನ್ನ ಅಭಿಪ್ರಾಯ ನೀವು ಊಹಿಸಬಹುದು. ಆದರೆ ಒಂದು ಮಾತು ಒಪ್ಪಲೇಬೇಕು. ಬಹುಮಾನ ಹೇಗಿರಬೇಕು ಅಂತ ಆ ಸಿಗರೇಟಿನವರಿಗೆ ಗೊತ್ತಿತ್ತು.

1985ರಲ್ಲಿ ಅವರು ವಿನ್ಸ್ಟನ್ ಮಿಲಿಯನ್ ಅಂತ ಒಂದು ಘೋಷಿಸಿದರು. ವರ್ಷದ ನಾಲ್ಕು ದೊಡ್ಡ ರೇಸುಗಳು: ಅತಿ ಹೆಚ್ಚು ಬಹುಮಾನದ ಡೇಟೋನಾ, ಅತಿ ವೇಗದ ಟಾಲಡೀಗಾ, ಅತಿ ಉದ್ದದ ಶಾರ್ಲೆಟ್, ಅತಿ ಹಳೆಯ ಡಾರ್ಲಿಂಗ್ಟನ್. ಇವುಗಳಲ್ಲಿ ಮೂರನ್ನು ಒಂದೇ ವರ್ಷ ಗೆದ್ದವನಿಗೆ ಹತ್ತು ಲಕ್ಷ ಡಾಲರ್. ನಿಯಮ ಅಷ್ಟೇ. ಮಗುವಿಗೂ ಅರ್ಥವಾಗುತ್ತದೆ. ಮೊದಲ ವರ್ಷವೇ ಜಾರ್ಜಿಯಾದ ಡಾಸನ್‌ವಿಲ್ ಎಂಬ ಸಣ್ಣ ಊರಿನ ಬಿಲ್ ಎಲಿಯಟ್ ಅದನ್ನು ಹೊಡೆದ. ಡೇಟೋನಾ ಗೆದ್ದ. ಟಾಲಡೀಗಾದಲ್ಲಿ ಆಯಿಲ್ ಸೋರಿ ಪಿಟ್ಟಿಗೆ ಬಂದು ಸುಮಾರು ಎರಡು ಸುತ್ತು ಹಿಂದೆ ಬಿದ್ದವನು, ಹಳದಿ ಬಾವುಟದ ಉಪಕಾರ ಒಂದಿಷ್ಟೂ ಇಲ್ಲದೆ, ಬರೀ ವೇಗದಲ್ಲೇ ಎಲ್ಲರನ್ನೂ ಹಿಡಿದು ಗೆದ್ದ. ಶಾರ್ಲೆಟ್‌ನಲ್ಲಿ ಆಗಲಿಲ್ಲ. ಕೊನೆಗೆ ಡಾರ್ಲಿಂಗ್ಟನ್. ಆ ವಾರ ಪತ್ರಕರ್ತರ ಕಾಟ ತಡೆಯಲು ಅವನ ಗ್ಯಾರೇಜಿಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಅಲ್ಲೂ ಗೆದ್ದ. ಆ ಹತ್ತು ಲಕ್ಷಕ್ಕೆ ತೂಕವಿತ್ತು ಅಂತ ನಾನು ಹೇಳುವುದು ಇದಕ್ಕೇ. ಅದರ ಹಿಂದೆ ಏಳು ತಿಂಗಳ ಕೆಲಸ ಇತ್ತು. ಆ ಬಹುಮಾನ ಇದ್ದ ಹದಿಮೂರು ವರ್ಷಗಳಲ್ಲಿ ಅದನ್ನು ಪಡೆದವರು ಇಬ್ಬರೇ. ಎಲಿಯಟ್ ಬಿಟ್ಟರೆ 1997ರಲ್ಲಿ ಜೆಫ್ ಗಾರ್ಡನ್.

(ಅಂದಹಾಗೆ, 1985ರಲ್ಲಿ ಎಲಿಯಟ್ ಒಟ್ಟು 11 ರೇಸು ಗೆದ್ದ. ಆ ವರ್ಷದ ಚಾಂಪಿಯನ್ ಮಾತ್ರ 3 ರೇಸು ಗೆದ್ದಿದ್ದ ಡ್ಯಾರೆಲ್ ವಾಲ್ಟ್ರಿಪ್. ಪಾಯಿಂಟ್ ಲೆಕ್ಕ ಹಾಗಿತ್ತು. ಆ ಜಗಳ ಇಲ್ಲಿ ಇನ್ನೂ ಮುಗಿದಿಲ್ಲ.)

ಅದೇ ಹತ್ತು ಲಕ್ಷ ಈಗ ಎಲ್ಲೆಲ್ಲಿ ಬಿದ್ದಿದೆ ನೋಡಿ. ಆಲ್-ಸ್ಟಾರ್ ರೇಸ್ ಅಂತ ಒಂದು ಉಂಟು, ಅದೂ 1985ರಲ್ಲೇ ಶುರುವಾದದ್ದು. ಮೊದಲ ವರ್ಷ ಗೆದ್ದವನಿಗೆ ಎರಡು ಲಕ್ಷ ಡಾಲರ್ ಇತ್ತು, 2003ರಿಂದ ಹತ್ತು ಲಕ್ಷ. ಅದಕ್ಕೆ ಪಾಯಿಂಟ್ ಇಲ್ಲ, ಚಾಂಪಿಯನ್‌ಷಿಪ್ ಲೆಕ್ಕಕ್ಕೂ ಇಲ್ಲ. 2025ರವರೆಗೆ ದೊಡ್ಡ ರೇಸಿನ ಅರ್ಧದಷ್ಟೂ ದೂರ ಇರಲಿಲ್ಲ. ನಿಯಮಗಳು ಹೆಚ್ಚುಕಮ್ಮಿ ಪ್ರತಿ ವರ್ಷ ಬದಲಾಗುತ್ತವೆ. ಒಮ್ಮೆ ತಿಳಿದುಕೊಂಡದ್ದು ಮರುವರ್ಷ ಉಪಯೋಗಕ್ಕಿಲ್ಲ. ದುಡ್ಡಿಗಾಗಿಯೇ ಓಡುವ ಓಟ ಅದು, ಅದನ್ನು ಅವರೂ ಮುಚ್ಚಿಡುವುದಿಲ್ಲ. 1992ರಲ್ಲಿ ಡೇವಿ ಆಲಿಸನ್ ಇದನ್ನು ಗೆದ್ದ. ಗೆರೆ ದಾಟುವಾಗಲೇ ಕೈಲ್ ಪೆಟ್ಟಿಯ ಕಾರು ತಾಗಿ ತಿರುಗಿ ಗೋಡೆಗೆ ಬಡಿದು ಪ್ರಜ್ಞೆ ತಪ್ಪಿತು. ಗೆದ್ದವನು ಬಹುಮಾನದ ವೇದಿಕೆಗೆ ಹೋಗದೆ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಹೋದ. ಆ ರಾತ್ರಿಯ ವಿಡಿಯೋವನ್ನು ಈಗಲೂ "ಎಂಥಾ ರೋಚಕ" ಅಂತ ತೋರಿಸುತ್ತಾರೆ. ರೋಚಕ ಹೌದು. ಯಾವುದಕ್ಕೆ ಅಂತ ಮಾತ್ರ ಕೇಳಬೇಡಿ.

2023ರಲ್ಲಿ ಈ ಆಲ್-ಸ್ಟಾರ್ ಜಾತ್ರೆಯನ್ನು ನಾರ್ತ್ ವಿಲ್ಕ್ಸ್‌ಬರೋಗೆ ತಂದರು. ನಮ್ಮಲ್ಲಿಂದ ಒಂದೂವರೆ ಗಂಟೆ ದಾರಿ. 1996ರ ನಂತರ ಕಪ್ ರೇಸುಗಳು ಕೈಬಿಟ್ಟು ಹೋಗಿ, ಕಟ್ಟೆಗಳ ಸಂದಿನಲ್ಲಿ ಹುಲ್ಲು ಬೆಳೆದು ನಿಂತಿದ್ದ ಟ್ರ್ಯಾಕು. ಅದಕ್ಕೆ ಜೀವ ಬಂದದ್ದು ಹೇಗೆ? ಕೋವಿಡ್ ಪರಿಹಾರಕ್ಕಾಗಿ ಕೇಂದ್ರದಿಂದ ರಾಜ್ಯಕ್ಕೆ ಬಂದ ನಿಧಿಯಲ್ಲಿ 1 ಕೋಟಿ 80 ಲಕ್ಷ ಡಾಲರ್ ಕೊಟ್ಟು. ಟ್ರ್ಯಾಕು ಮತ್ತೆ ತೆರೆದದ್ದಕ್ಕೆ ನನಗೆ ಸಂತೋಷವೇ. ಹಳೆಯ ತೇರನ್ನು ಮತ್ತೆ ಎಳೆದ ಹಾಗಿತ್ತು. ಆದರೆ ಸಾರ್ವಜನಿಕರ ದುಡ್ಡಿನಲ್ಲಿ ಕೊಳಾಯಿ, ಚರಂಡಿ ಸರಿಮಾಡಿಸಿಕೊಂಡ ಅಂಗಳದಲ್ಲಿ ನಿಂತು, ಲೆಕ್ಕಕ್ಕಿಲ್ಲದ ಒಂದು ಓಟಕ್ಕೆ ಹತ್ತು ಲಕ್ಷದ ಚೆಕ್ಕು ಎತ್ತಿ ತೋರಿಸಿದಾಗ ಚಪ್ಪಾಳೆ ತಟ್ಟಲು ಕೈ ಸ್ವಲ್ಪ ತಡವರಿಸುತ್ತದೆ.

ಅಷ್ಟು ಸಾಲದು ಅಂತ 2025ರಲ್ಲಿ ಇನ್ನೊಂದು ಹತ್ತು ಲಕ್ಷ ಬಂತು. ಸೀಸನ್ನಿನ ನಡುವೆ 32 ಜನರನ್ನು ಜೋಡಿ ಜೋಡಿ ಮಾಡಿ, ಐದು ರೇಸುಗಳಲ್ಲಿ ನಾಕೌಟ್ ಆಡಿಸುವುದು. ಆ ವಾರದ ರೇಸಿನಲ್ಲಿ ನಿನ್ನ ಜೋಡಿಗಿಂತ ನೀನು ಮುಂದೆ ಬಂದರೆ ಸಾಕು. ಫೈನಲ್ಲಿಗೆ ಬಂದವರು ಟೈ ಗಿಬ್ಸ್ ಮತ್ತು ಟೈ ಡಿಲನ್. ಇಬ್ಬರೂ ಅಲ್ಲಿಯವರೆಗೆ ಒಂದೇ ಒಂದು ಕಪ್ ರೇಸ್ ಗೆದ್ದವರಲ್ಲ. ಫೈನಲ್ ನಡೆದದ್ದು ಇಂಡಿಯಾನಾಪೊಲಿಸ್‌ನಲ್ಲಿ. ಅವತ್ತಿನ ರೇಸ್ ಗೆದ್ದದ್ದು ಬಬ್ಬ ವಾಲೆಸ್. ಹತ್ತು ಲಕ್ಷ ಪಡೆದ ಗಿಬ್ಸ್ ಆ ದಿನ ಮೊದಲ ಹತ್ತರೊಳಗೂ ಇರಲಿಲ್ಲ. ಹುಡುಗನ ಮೇಲೆ ನನಗೆ ಏನೂ ಕೋಪವಿಲ್ಲ, ಇಟ್ಟ ಸ್ಪರ್ಧೆಯಲ್ಲಿ ಅವನು ಗೆದ್ದ. ಆದರೆ ಎಲಿಯಟ್‌ಗೆ ಕೊಟ್ಟ ಅದೇ ಅಂಕಿಯನ್ನು ಇದಕ್ಕೂ ಕೊಟ್ಟರೆ, ಎರಡರಲ್ಲಿ ಯಾವುದು ಸಾಧನೆ ಅಂತ ಹೊಸದಾಗಿ ನೋಡಲು ಬಂದ ಹುಡುಗರಿಗೆ ಹೇಗೆ ಗೊತ್ತಾಗಬೇಕು?

ಇನ್ನು ಸಣ್ಣ ಬಹುಮಾನಗಳ ವಿಷಯ. ಇದು ನಿಜಕ್ಕೂ ಮಜಾ. ರೇಸ್ ಕಾರಿನ ಮುಂಚಕ್ರದ ಹಿಂದೆ, ಬಾಗಿಲಿನವರೆಗೆ, ಅಂಚೆ ಚೀಟಿ ಅಂಟಿಸಿದ ಹಾಗೆ ಸಾಲು ಸಾಲು ಸ್ಟಿಕ್ಕರುಗಳನ್ನು ನೋಡಿರಬಹುದು. ಒಂದೊಂದು ಸ್ಟಿಕ್ಕರೂ ಒಂದೊಂದು ಪ್ರಶಸ್ತಿ. ಸ್ಟಿಕ್ಕರ್ ಅಂಟಿಸಿಕೊಂಡವನಿಗೆ ಮಾತ್ರ ಆ ಪ್ರಶಸ್ತಿಗೆ ಅರ್ಹತೆ. ಅಂಟಿಸದವನು ಎಷ್ಟೇ ಚೆನ್ನಾಗಿ ಓಡಿಸಲಿ, ಅವನಿಗಿಲ್ಲ. ಕಳೆದ ಇಪ್ಪತ್ತು ವರ್ಷಗಳಲ್ಲಿ ಎಂತೆಂಥವು ಬಂದು ಹೋದವು! ಅರ್ಹತಾ ಸುತ್ತಿನಲ್ಲಿ ಮೊದಲು ಬಂದವನಿಗೆ ಬಿಯರ್ ಕಂಪನಿಯ ಪ್ರಶಸ್ತಿ. ಹಸಿರು ಬಾವುಟ ಬಿದ್ದ ಮೇಲೆ ಚೆನ್ನಾಗಿ ಹೊರಟವನಿಗೆ ಎಥೆನಾಲ್‌ನವರ ಪ್ರಶಸ್ತಿ. ವೇಗದ ಸುತ್ತಿಗೆ ಬಣ್ಣದ ಕಂಪನಿಯದು. ಹಿಂದಿನಿಂದ ಹೊರಟು ಮುಂದೆ ಬಂದವನಿಗೆ ಗೋಡೆ ಹಲಗೆ ಮಾಡುವವರದು. ರೇಸಿನ ಮೊದಲರ್ಧದಲ್ಲಿ ಕಾರು ಸರಿಯಿಲ್ಲದೆ ದ್ವಿತೀಯಾರ್ಧದಲ್ಲಿ ಸರಿಮಾಡಿಕೊಂಡವನಿಗೆ "ಸಮಸ್ಯೆ ಬಿಡಿಸಿದವನು" ಅಂತ ಬಿಡಿಭಾಗದ ಕಂಪನಿಯದು. ಈ ಕೊನೆಯದನ್ನು ಕೇಳಿದಾಗಲೆಲ್ಲ ನನಗೆ ನಗು. ಶುರುವಿನಲ್ಲೇ ಚೆನ್ನಾಗಿ ಓಡುವ ಕಾರು ತಂದವನಿಗೆ ಈ ಪ್ರಶಸ್ತಿ ಸಿಗುವುದೇ ಇಲ್ಲವಲ್ಲ!

ಗೆದ್ದವನ ಪಾಡು ಇನ್ನೂ ತಮಾಷೆ. ಕಾರಿನಿಂದ ಇಳಿದು, ಬೆವರು ಒರೆಸಿಕೊಂಡು, ಹೆಂಡತಿ ಮಕ್ಕಳನ್ನು ತಬ್ಬಿಕೊಂಡ ಮೇಲೆ ಟೋಪಿ ಕುಣಿತ ಶುರು. ಒಂದು ಕಂಪನಿಯ ಟೋಪಿ ಹಾಕು, ಬೆರಳೆತ್ತಿ ತೋರಿಸು, ಫೋಟೋ. ಆ ಟೋಪಿ ತೆಗೆ, ಇನ್ನೊಂದು ಹಾಕು, ಫೋಟೋ. ಟಯರಿನವರದ್ದು, ಪೆಟ್ರೋಲಿನವರದ್ದು, ಆಯಿಲ್‌ನವರದ್ದು, ಬ್ಯಾಟರಿಯವರದ್ದು. ಇಡೀ ಟೀಮು ಅವನ ಹಿಂದೆ ಸಾಲಾಗಿ ನಿಂತು ಒಟ್ಟಿಗೆ ಟೋಪಿ ಬದಲಿಸುತ್ತದೆ. ಟೀವಿಯಲ್ಲಿ ಇದನ್ನು ಪೂರ್ತಿ ತೋರಿಸುವುದಿಲ್ಲ. ಟ್ರ್ಯಾಕಿನಲ್ಲಿ ಉಳಿದುಕೊಂಡವರಿಗೆ ಮಾತ್ರ ಆ ಭಾಗ್ಯ. ನಮ್ಮ ಕನ್ನಡ ಸಂಘದ ಸಮಾರಂಭಗಳಲ್ಲಿ ದಾನಿಗಳಿಗೆಲ್ಲ ಸರದಿಯಲ್ಲಿ ಶಾಲು ಹೊದಿಸುವುದನ್ನು ನೋಡಿ ಬೆಳೆದವನಿಗೆ ಇದು ಹೊಸದೇನಲ್ಲ. ಒಂದೇ ವ್ಯತ್ಯಾಸ: ಇಲ್ಲಿ ದಾನಿಗೆ ಶಾಲು ಹೊದಿಸುವ ಬದಲು ಗೆದ್ದವನಿಗೆ ದಾನಿಯನ್ನೇ ಹೊದಿಸುತ್ತಾರೆ.

ಸ್ಪಾನ್ಸರ್ ಇಲ್ಲದೆ ರೇಸ್ ಇಲ್ಲ ಅಂತ ಗೊತ್ತು. ಪಕ್ಕದ ಸೀಟಿನ ಹಿರಿಯರೊಬ್ಬರು ನನಗೆ ಇದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಒಪ್ಪಿದೆ. ಆದರೆ ಜಾಹೀರಾತನ್ನು ಜಾಹೀರಾತು ಅಂತ ಹಾಕಲಿ. ಅದಕ್ಕೆ ಪ್ರಶಸ್ತಿಯ ವೇಷ ಯಾಕೆ? ಒಂದು ರೇಸನ್ನು ಮೂರು ಭಾಗ ಮಾಡಿ, ಮೊದಲೆರಡು ಭಾಗಕ್ಕೂ ಒಬ್ಬೊಬ್ಬ ಗೆದ್ದವನನ್ನು ಮಾಡುವ ಪದ್ಧತಿ 2017ರಲ್ಲಿ ಬಂತು. ಅಲ್ಲಿಗೆ ಒಂದು ಮಧ್ಯಾಹ್ನಕ್ಕೆ ಮೂವರು ವಿಜೇತರು. 2025ರ ಕೊನೆಯ ರೇಸಿನಲ್ಲಿ ಫೀನಿಕ್ಸ್‌ನಲ್ಲಿ ಡೆನಿ ಹ್ಯಾಮ್ಲಿನ್ 208 ಸುತ್ತು ಮುಂದಿದ್ದ. ಕೊನೆಗಳಿಗೆಯ ಹಳದಿ ಬಾವುಟದಲ್ಲಿ ಎಲ್ಲ ತಿರುಗಿತು. ರೇಸ್ ಗೆದ್ದದ್ದು ರಯನ್ ಬ್ಲೇನಿ, ವರ್ಷದ ಚಾಂಪಿಯನ್ ಆದದ್ದು ಅವತ್ತು ಒಂದು ಸುತ್ತೂ ಮುಂದಿಲ್ಲದ ಕೈಲ್ ಲಾರ್ಸನ್. ಲಾರ್ಸನ್ ಒಳ್ಳೆಯ ಚಾಲಕ, ಆ ಮಾತು ಬೇರೆ. ಅವತ್ತು ಸಂಜೆ ನನಗೆ ಯಾರ ಪರವಾಗಿ ಸಂತೋಷಪಡಬೇಕು ಅಂತಲೇ ಗೊತ್ತಾಗಲಿಲ್ಲ.

ಬಹುಮಾನ ಮತ್ತು ಸಾಧನೆ ಒಂದೇ ತಕ್ಕಡಿಗೆ ಬಿದ್ದರೆ ಏನಾಗುತ್ತದೆ ಅಂತ ಇವರು ಒಮ್ಮೆ ಪ್ರಯೋಗ ಮಾಡಿಯೇ ನೋಡಿದ್ದಾರೆ. 1974ರಲ್ಲಿ ಚಾಂಪಿಯನ್‌ಷಿಪ್ ಪಾಯಿಂಟ್ ಲೆಕ್ಕ ಹೀಗಿತ್ತು: ಗೆದ್ದ ಬಹುಮಾನದ ಡಾಲರನ್ನು ಓಡಿದ ರೇಸುಗಳ ಸಂಖ್ಯೆಯಿಂದ ಗುಣಿಸಿ, ಸಾವಿರದಿಂದ ಭಾಗಿಸುವುದು. ಅಂದರೆ ಡೇಟೋನಾದಂಥ ದುಡ್ಡಿನ ರೇಸ್ ಗೆದ್ದವನನ್ನು ಸಣ್ಣ ಟ್ರ್ಯಾಕುಗಳಲ್ಲಿ ಎಷ್ಟು ಗೆದ್ದರೂ ಹಿಡಿಯುವುದು ಕಷ್ಟ. ರಿಚರ್ಡ್ ಪೆಟ್ಟಿ ಅವತ್ತು ಡೇಟೋನಾ ಗೆದ್ದ, ವರ್ಷವನ್ನೂ ಗೆದ್ದ. ಒಂದೇ ವರ್ಷಕ್ಕೆ ಆ ಲೆಕ್ಕ ಕಸದ ಬುಟ್ಟಿಗೆ ಹೋಯಿತು. ಬಾಬ್ ಲ್ಯಾಟ್‌ಫರ್ಡ್ ಎಂಬವರು ಡೇಟೋನಾದ ಒಂದು ಬಾರಿನಲ್ಲಿ ಕೂತು ಕಾಗದದ ಕರವಸ್ತ್ರದ ಮೇಲೆ ಬರೆದರು ಅಂತ ಕತೆಯಿರುವ ಹೊಸ ಲೆಕ್ಕ 1975ರಲ್ಲಿ ಬಂತು. ಅದರಲ್ಲಿ ಎಲ್ಲ ರೇಸಿಗೂ ಒಂದೇ ಬೆಲೆ. ಸಣ್ಣಪುಟ್ಟ ಬದಲಾವಣೆ ಬಿಟ್ಟರೆ ಅದು ದಶಕಗಳ ಕಾಲ ನಿಂತಿತು.

ಇಲ್ಲಿ ನನ್ನ ವಾದಕ್ಕೆ ವಿರುದ್ಧವಾದ ಒಂದು ಸಂಗತಿಯನ್ನೂ ಹೇಳಬೇಕು. ಹದಿನೈದು ವರ್ಷಗಳ ಹಿಂದೆ ಕೆಲವು ಬಡ ಟೀಮುಗಳು ಒಂದು ಉಪಾಯ ಮಾಡಿಕೊಂಡಿದ್ದವು. ಆಗ 43 ಕಾರು ಓಡುತ್ತಿದ್ದವು, ಕಟ್ಟಕಡೆಯವನಿಗೂ ಮಾಮೂಲಿ ರೇಸಿನಲ್ಲಿ 60-70 ಸಾವಿರ ಡಾಲರ್ ಸಿಗುತ್ತಿತ್ತು. ಪೂರ್ತಿ ಓಡಿಸಿದರೆ ಟಯರ್ ಖರ್ಚು, ಇಂಜಿನ್ ಖರ್ಚು, ಪಿಟ್ಟಿನವರ ಖರ್ಚು. ಅದರ ಬದಲು ಅರ್ಹತೆ ಪಡೆದು, ಒಂದಷ್ಟು ಸುತ್ತು ಸುತ್ತಿ, "ಬ್ರೇಕ್ ಹೋಯ್ತು", "ಕಂಪನ ಬರ್ತಾ ಉಂಟು" ಅಂತ ಹೇಳಿ ಕಾರನ್ನು ಗ್ಯಾರೇಜಿಗೆ ತಳ್ಳಿದರೆ ಕೊನೆಯ ಸ್ಥಾನದ ದುಡ್ಡು ಹಾಗೇ ಉಳಿಯುತ್ತದೆ. ಹಾಜರಿ ಹಾಕಿ ಮನೆಗೆ ಹೋದ ಹಾಗೆ. ಟಿಕೆಟ್ ಕೊಂಡವರಿಗೆ ಇದು ಮೋಸ ಅಂತ ದೊಡ್ಡ ಗಲಾಟೆಯಾಯಿತು. ಸರಿಯೇ.

ಆದರೆ ಆ ಕಾರುಗಳಲ್ಲಿ ವರ್ಷಗಟ್ಟಲೆ ಹೀಗೆ ಹಾಜರಿ ಹಾಕಿದವರಲ್ಲಿ ಮೈಕಲ್ ಮೆಕ್‌ಡವೆಲ್ ಒಬ್ಬ. ಹಾಗೆ ಉಳಿದುಕೊಂಡವನು 2021ರಲ್ಲಿ, ತನ್ನ 358ನೇ ರೇಸಿನಲ್ಲಿ, ಕೊನೆಯ ಸುತ್ತಿನಲ್ಲಿ ಮುಂದಿದ್ದವರು ಡಿಕ್ಕಿ ಹೊಡೆದುಕೊಂಡ ನಡುವೆ ನುಸುಳಿ ಡೇಟೋನಾ 500 ಗೆದ್ದ. ಅದು ಅವನ ಮೊದಲ ಗೆಲುವು. ಆ ಕೊನೆಯ ಸ್ಥಾನದ ದುಡ್ಡು ಇಲ್ಲದಿದ್ದರೆ ಆ ಮನುಷ್ಯ ಯಾವತ್ತೋ ಬೇರೆ ಕೆಲಸ ಹುಡುಕಿಕೊಂಡಿರುತ್ತಿದ್ದ. ಆದ್ದರಿಂದ ದುಡ್ಡು ಕಡಿಮೆ ಮಾಡಿ ಅಂತ ನಾನು ಸುಮ್ಮನೆ ಕೂಗುವವನಲ್ಲ. ಕೆಳಗಿನವರಿಗೆ ಹೋಗುವ ದುಡ್ಡು ಆಟವನ್ನು ಜೀವಂತ ಇಡುತ್ತದೆ. ನನ್ನ ಕಣ್ಣು ಕುಕ್ಕುವುದು ಮೇಲೆ ಕಟ್ಟಿದ ತೋರಣ.

ಮಾರ್ಟಿನ್ಸ್‌ವಿಲ್ ಅಂತ ವರ್ಜೀನಿಯಾದ ಒಂದು ಪುಟ್ಟ ಟ್ರ್ಯಾಕು, ಕಾಗದ ಸಿಕ್ಕಿಸುವ ಕ್ಲಿಪ್ಪಿನ ಆಕಾರ. ಅಲ್ಲಿ 1964ರಿಂದ ಗೆದ್ದವನಿಗೆ ಕೊಡುವುದು ಆಳೆತ್ತರದ, ಲೋಲಕ ತೂಗುವ ಮರದ ಗಡಿಯಾರ. ಹತ್ತಿರದ ಊರಿನಲ್ಲೇ ಮಾಡುತ್ತಿದ್ದದ್ದು. ಮೊದಲು ಪಡೆದವನು ಫ್ರೆಡ್ ಲೊರೆನ್ಜೆನ್. ಕೋಟಿಗಟ್ಟಲೆ ದುಡಿದ ಚಾಲಕರು ಈ ಗಡಿಯಾರಕ್ಕಾಗಿ ಹಪಹಪಿಸುವುದನ್ನು ನೋಡಬೇಕು. ಡೇಲ್ ಅರ್ನ್‌ಹಾರ್ಟ್ ಜೂನಿಯರ್ ವರ್ಷಾನುಗಟ್ಟಲೆ ಇದಕ್ಕಾಗಿ ಕಾದು 2014ರಲ್ಲಿ ಸಿಕ್ಕಾಗ ಮಗುವಿನ ಹಾಗೆ ಕುಣಿದ. ನಾನು ಮೂಡುಬಿದಿರೆ ಕಡೆಯವನು, ನನಗಿದು ಕೂಡಲೇ ಅರ್ಥವಾಯಿತು. ಕಂಬಳದಲ್ಲಿ ಗೆದ್ದ ಕೋಣಗಳ ಯಜಮಾನರಿಗೆ ಕೊಡುವ ಚಿನ್ನದ ಪವನು ಆ ಕೋಣಗಳು ತಿನ್ನುವ ಹುರುಳಿಗೂ ಸಾಲದು. ಆದರೆ ಯಾವ ವರ್ಷ ಯಾರ ಮನೆಯ ಕೋಣ ಎಲ್ಲಿ ಗೆದ್ದಿತು ಅಂತ ಊರಿಗೆ ಊರೇ ಬಾಯಿಪಾಠ ಹೇಳುತ್ತದೆ.

ಹಾಗಾದರೆ ಪ್ರಶಸ್ತಿ ಅನ್ನುವುದು ಹಗುರ ಮಾಡುವ ವಸ್ತುವಲ್ಲ ಅಂತ ಆಯಿತಲ್ಲ. ವೆಂಡೆಲ್ ಸ್ಕಾಟ್ ಕತೆ ಗೊತ್ತಿದ್ದವರು ಯಾರೂ ಅದನ್ನು ಹಗುರ ಮಾಡಲಾರರು. ವರ್ಜೀನಿಯಾದ ಡ್ಯಾನ್‌ವಿಲ್‌ನ ಕಪ್ಪು ಚಾಲಕ. ತನ್ನ ಕಾರಿಗೆ ತಾನೇ ಮೆಕ್ಯಾನಿಕ್. 1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕಿನಲ್ಲಿ ಅವನು ಗೆದ್ದ, ಅದೂ ಎರಡು ಸುತ್ತು ಅಂತರದಲ್ಲಿ. ಆದರೆ ಗೆದ್ದವನೆಂದು ಘೋಷಿಸಿದ್ದು ಬಕ್ ಬೇಕರ್‌ನನ್ನು. ಟ್ರೋಫಿ, ಫೋಟೋ, ಸಂಪ್ರದಾಯದ ಮುತ್ತು ಎಲ್ಲ ಅವನಿಗೆ ಆಯಿತು. ಬಿಳಿಯರೇ ತುಂಬಿದ್ದ ಆ ಜನಸಂದಣಿ ಮನೆಗೆ ಹೋದ ಮೇಲೆ, ಸುಮಾರು ಎರಡು ಗಂಟೆ ಕಳೆದು, ಲೆಕ್ಕದಲ್ಲಿ ತಪ್ಪಾಗಿತ್ತು, ಗೆದ್ದದ್ದು ಸ್ಕಾಟ್ ಅಂದರು. ಸಾವಿರ ಡಾಲರ್ ಬಹುಮಾನ ಕೊಟ್ಟರು. ಟ್ರೋಫಿ ಬರಲಿಲ್ಲ. ಸ್ಕಾಟ್ 495 ಕಪ್ ರೇಸುಗಳಲ್ಲಿ ಓಡಿದ, ಅದೊಂದೇ ಗೆದ್ದ. 1990ರಲ್ಲಿ ತೀರಿಕೊಂಡ. 2010ರಲ್ಲಿ ಜಾಕ್ಸನ್‌ವಿಲ್‌ನ ರೇಸ್ ಅಭಿಮಾನಿಗಳ ಸಂಸ್ಥೆಯೊಂದು ಮನೆಯವರಿಗೆ ಒಂದು ಪ್ರತಿಕೃತಿ ಕೊಟ್ಟಿತು. ನ್ಯಾಸ್ಕಾರ್ ತಾನಾಗಿ ಟ್ರೋಫಿ ಒಪ್ಪಿಸಿದ್ದು 2021ರ ಆಗಸ್ಟಿನಲ್ಲಿ, ಡೇಟೋನಾದಲ್ಲಿ. 58 ವರ್ಷಕ್ಕೆ ಸ್ವಲ್ಪ ಕಡಿಮೆ. ದುಡ್ಡು ಅವತ್ತೇ ಸಿಕ್ಕಿತ್ತಲ್ಲ, ಇನ್ನೇನು ಅಂತ ಆ ಮನೆಯವರಿಗೆ ಯಾರಾದರೂ ಹೇಳಲಿ ನೋಡೋಣ. ಸಮಸ್ಯೆ ಬಿಡಿಸಿದವನಿಗೆ ಪ್ರತಿ ವಾರ ತಪ್ಪದೆ ಪ್ರಶಸ್ತಿ ಹಂಚುವ ವ್ಯವಸ್ಥೆಗೆ ಒಂದು ಟ್ರೋಫಿ ತಲುಪಿಸಲು ಇಷ್ಟು ಕಾಲ ಬೇಕಾಯಿತು.

ದುಡ್ಡಿನ ಲೆಕ್ಕ ಕೇಳಿದವರ ಕತೆಯೂ ಹಳೆಯದೇ. 1961ರಲ್ಲಿ ಕರ್ಟಿಸ್ ಟರ್ನರ್, ಟಿಮ್ ಫ್ಲಾಕ್ ಸೇರಿ ಚಾಲಕರ ಸಂಘ ಕಟ್ಟಲು ಹೊರಟರು. ಬಹುಮಾನದಲ್ಲಿ ಹೆಚ್ಚು ಪಾಲು, ವಿಮೆ, ಪಿಂಚಣಿ ಬೇಕು ಅಂದರು. ನ್ಯಾಸ್ಕಾರ್ ಕಟ್ಟಿದ ಬಿಲ್ ಫ್ರಾನ್ಸ್ ಇಬ್ಬರನ್ನೂ ಜೀವನಪರ್ಯಂತ ಹೊರಗೆ ಹಾಕಿದರು. ನಾಲ್ಕು ವರ್ಷ ಬಿಟ್ಟು, 1965ರಲ್ಲಿ ಬಾಗಿಲು ತೆಗೆದರು. ಟರ್ನರ್ ವಾಪಸು ಬಂದು ಅದೇ ವರ್ಷ ರಾಕಿಂಗ್‌ಹ್ಯಾಮ್‌ನಲ್ಲಿ ಗೆದ್ದ. ಸಂಘ ಮಾತ್ರ ಆಗಲಿಲ್ಲ.

ಬಹುಮಾನದ ಚೆಕ್ಕು ಚಾಲಕನ ಕೈಯಲ್ಲಿ ಕಂಡರೂ ಅದು ಹೋಗುವುದು ಟೀಮಿನ ಮಾಲೀಕರಿಗೆ. ಚಾಲಕನಿಗೆ ಅವನ ಒಪ್ಪಂದದಲ್ಲಿ ಬರೆದಷ್ಟು. ಟೀವಿ ಹಕ್ಕುಗಳಿಂದ ಬರುವ ದುಡ್ಡೇ ಈಗ ದೊಡ್ಡದು: 2025ರಿಂದ ಏಳು ವರ್ಷಕ್ಕೆ 770 ಕೋಟಿ ಡಾಲರ್. 2024ರವರೆಗೆ ಟೀವಿ ದುಡ್ಡಿನಲ್ಲಿ ಟ್ರ್ಯಾಕುಗಳಿಗೆ ಶೇಕಡಾ 65, ಟೀಮುಗಳಿಗೆ 25, ನ್ಯಾಸ್ಕಾರ್‌ಗೆ 10. ಟ್ರ್ಯಾಕುಗಳಲ್ಲಿ ಹಲವು ನ್ಯಾಸ್ಕಾರ್‌ನದೇ. ಎಡಗೈಗೆ ಬಿದ್ದದ್ದು ಬಲಗೈಗೂ ಗೊತ್ತು.

ಈ ಹಂಚಿಕೆ ಒಪ್ಪದೆ ಮೈಕಲ್ ಜೋರ್ಡನ್ ಪಾಲುದಾರನಾಗಿರುವ 23ಎಕ್ಸ್‌ಐ ಮತ್ತು ಫ್ರಂಟ್ ರೋ ಎಂಬ ಎರಡು ಟೀಮುಗಳು 2024ರ ಅಕ್ಟೋಬರಿನಲ್ಲಿ ಶಾರ್ಲೆಟ್‌ನ ಫೆಡರಲ್ ಕೋರ್ಟಿನಲ್ಲಿ ಮೊಕದ್ದಮೆ ಹಾಕಿದವು. ಉಳಿದ 13 ಟೀಮುಗಳು ಕೊಟ್ಟ ಕಾಗದಕ್ಕೆ ಸಹಿ ಹಾಕಿ ಸುಮ್ಮನಾಗಿದ್ದವು. 2025ರ ಡಿಸೆಂಬರಿನಲ್ಲಿ ವಿಚಾರಣೆ ನಡೆದಾಗ ಎಂತೆಂಥದೋ ಹೊರಬಂತು. ಒಂದು ಕಾರನ್ನು ವರ್ಷವಿಡೀ ಓಡಿಸಲು ಸುಮಾರು 2 ಕೋಟಿ ಡಾಲರ್ ಬೇಕು, ಖಾತ್ರಿಯಾಗಿ ಸಿಗುವುದು 1 ಕೋಟಿ 25 ಲಕ್ಷ ಅಂತ ಟೀಮಿನವರು ಹೇಳಿದರು. ಫ್ರಂಟ್ ರೋ ಅಂದರೆ ಅದೇ ಮೆಕ್‌ಡವೆಲ್ ಡೇಟೋನಾ 500 ಗೆದ್ದಾಗಿನ ಟೀಮು. ಅಷ್ಟು ದೊಡ್ಡ ರೇಸ್ ಗೆದ್ದ ಟೀಮಿನ ಮಾಲೀಕರು ತಾನು ಯಾವತ್ತೂ ಲಾಭ ನೋಡಿಲ್ಲ ಅಂದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು, ಟೀಮುಗಳಿಗೆ ಕಾಯಂ ಹಕ್ಕು ಸಿಕ್ಕಿತು, ಎಲ್ಲರೂ ಕೈಕುಲುಕಿ ಫೋಟೋ ತೆಗೆಸಿಕೊಂಡರು. ಅಭಿಮಾನಿಗಳಿಗೆ ಆ ಕೆಲವು ದಿನಗಳಲ್ಲಿ ಗೊತ್ತಾದಷ್ಟು ಹಣಕಾಸಿನ ವಿಷಯ ಅದರ ಹಿಂದಿನ ಹತ್ತು ವರ್ಷಗಳಲ್ಲಿ ಗೊತ್ತಾಗಿರಲಿಲ್ಲ.

ಯಾಕೆಂದರೆ 2016ರಿಂದ ಅವರು ಪಟ್ಟಿ ನಿಲ್ಲಿಸಿದರು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಸೋಮವಾರದ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ, 43 ಸಾಲುಗಳ ಪಟ್ಟಿ ಬರುತ್ತಿತ್ತು: ಸ್ಥಾನ, ಹೊರಟ ಜಾಗ, ಚಾಲಕನ ಹೆಸರು, ಕಾರು, ಸುತ್ತು, ಕೊನೆಗೆ ಗಳಿಸಿದ ಡಾಲರ್. ಈಗ ಒಟ್ಟು ಮೊತ್ತ ಒಂದನ್ನು ಮಾತ್ರ ಹೇಳುತ್ತಾರೆ. ಮೂರು ಕೋಟಿ ಅನ್ನುವ ಅಂಕಿ ಮೈಕಿಗೆ ಚಂದ. ಇಪ್ಪತ್ತೆಂಟನೆಯವನಿಗೆ ಎಷ್ಟು ಅಂತ ಕೇಳಿದರೆ ಅದು ಖಾಸಗಿ ಒಪ್ಪಂದ. ಹೊಸ ಹತ್ತು ಲಕ್ಷ ಇನ್ನೆರಡು ಘೋಷಿಸುವ ಮೊದಲು ಆ ಪಟ್ಟಿಯನ್ನು ವಾಪಸು ಕೊಡಲಿ. ನಾನು ಅದನ್ನು ಓದುತ್ತಿದ್ದದ್ದು ಕೆಳಗಿನಿಂದ ಮೇಲಕ್ಕೆ. ನಲವತ್ತಮೂರನೆಯವನಿಂದ ಶುರುಮಾಡಿ, ಅವನು ಎಷ್ಟು ಸುತ್ತು ಓಡಿದ, ಎಷ್ಟು ತೆಗೆದುಕೊಂಡು ಹೋದ, ಮುಂದಿನ ವಾರ ಬರುವಷ್ಟು ಅವನ ಹತ್ತಿರ ಉಳಿದಿರಬಹುದಾ ಅಂತ ನೋಡಿಕೊಂಡು.